ಕೆಮಿಕಲ್ ಕಮ್ಮಿಯಾಗಿದೆ ಅಂದರೆ, ಎಷ್ಟು ಕಮ್ಮಿ?

ಈ ಮಾತು ಈಗ ಎಲ್ಲರ ಬಾಯಲ್ಲೂ ಇದೆ. "ಡಿಪ್ರೆಶನ್ ಅಂದ್ರೆ ಬೇರೇನೂ ಅಲ್ಲ, ಮೆದುಳಲ್ಲಿ ಕೆಮಿಕಲ್ ಇಂಬ್ಯಾಲೆನ್ಸ್ ಅಷ್ಟೆ." ಆಫೀಸಿನಲ್ಲಿ ಊಟದ ಹೊತ್ತಿಗೆ ಕೇಳಿದ್ದೇನೆ, ಮದುವೆ ಮನೆಯಲ್ಲಿ ಕೇಳಿದ್ದೇನೆ. ವಾಟ್ಸಾಪಿನಲ್ಲಿ ಬರುವ ವಿಡಿಯೊಗಳಲ್ಲಂತೂ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಹೇಳುವವರ ದನಿಯಲ್ಲಿ ಅನುಮಾನವೇ ಇರುವುದಿಲ್ಲ. ಕೇಳುವವರೂ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಯಾವ ಕೆಮಿಕಲ್, ಯಾರು ಅಳೆದರು, ಯಾವಾಗ ಅಳೆದರು ಅಂತ ಯಾರೂ ಕೇಳುವುದಿಲ್ಲ. ನನಗೆ ಈ ಪ್ರಶ್ನೆ ಕೆಲವು ವರ್ಷಗಳಿಂದ ಬಿಡದೆ ಕಾಡುತ್ತಿದೆ. ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದಿದಷ್ಟೂ ಅನುಮಾನ ಜಾಸ್ತಿಯಾಗಿದೆ.

ಆ ಮಾತಿನಿಂದ ಆದ ಉಪಕಾರವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಮನೆಯಲ್ಲಿ ಯಾರಾದರೂ ಊಟ ಬಿಟ್ಟು ಮೂಲೆ ಸೇರಿದರೆ ಮೊದಲು ಬರುತ್ತಿದ್ದ ಮಾತು, ಗಾಳಿ ಸೋಕಿದೆ. ಆಮೇಲೆ, ಯಾರೋ ಮಾಟ ಮಾಡಿಸಿದ್ದಾರೆ. ತಾಯತ ಕಟ್ಟಿಸಿ, ಹರಕೆ ಹೊತ್ತು, ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ಬರುತ್ತಿದ್ದದ್ದು "ಮೈಗಳ್ಳತನ" ಅನ್ನುವ ಬೈಗುಳ. ಅದರಿಂದ ಜನರನ್ನು ಹೊರಗೆ ತರಲು ಎಷ್ಟೋ ಮಂದಿ ಕಷ್ಟಪಟ್ಟಿದ್ದಾರೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. 1996ರಲ್ಲಿ ದೇಶಕ್ಕೆಲ್ಲ ಅದೇ ಮಾದರಿಯಾಯಿತು. ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ದಶಕಗಳ ಕಾಲ ಕನ್ನಡದಲ್ಲೇ ಬರೆದು, ಇದು ಕಾಯಿಲೆ, ನಾಚಿಕೊಳ್ಳುವಂಥದ್ದಲ್ಲ ಅಂತ ತಿಳಿಸಿಕೊಟ್ಟರು. ಹಾಗಾಗಿ ನನ್ನ ಅನುಮಾನ ಮನೋವೈದ್ಯರ ಮೇಲಲ್ಲ. ಮಾತ್ರೆಯ ಮೇಲೂ ಅಲ್ಲ. ಆ ಒಂದು ವಿವರಣೆಯ ಮೇಲೆ ಮಾತ್ರ. ಓದುತ್ತಿರುವವರಲ್ಲಿ ಯಾರಾದರೂ ಮಾತ್ರೆ ತಗೊಳ್ಳುತ್ತಿದ್ದರೆ ದಯವಿಟ್ಟು ಇದನ್ನು ಓದಿ ನಿಲ್ಲಿಸಬೇಡಿ. ಯಾಕೆ ಅಂತ ಮುಂದೆ ಬರೆಯುತ್ತೇನೆ.

ಚಿಕ್ಕಮ್ಮನ ನೋಟ್‌ಬುಕ್

ಚಿಕ್ಕಮ್ಮ ಇರುವುದು ಕೊಪ್ಪದ ಕಡೆ. ಚಿಕ್ಕಪ್ಪ ಹೋಗಿ ಎರಡನೇ ಮಳೆಗಾಲ ಅದು. ಅವರು ಹೋದ ಮೇಲೆ ಮೊದಮೊದಲು ಗಟ್ಟಿಯಾಗೇ ಇದ್ದರು. ಆಮೇಲೆ ನಿದ್ದೆ ಹೋಯಿತು, ಊಟ ಹೋಯಿತು, ಕೊಟ್ಟಿಗೆಗೆ ಹೋಗುವುದೂ ನಿಂತಿತು. ಬೆಳಿಗ್ಗೆ ಎದ್ದು ಒಲೆಯ ಮುಂದೆ ಕೂತರೆ ಹತ್ತು ಗಂಟೆಯಾದರೂ ಅಲ್ಲೇ. ಅವರ ಮಗ ಬೆಂಗಳೂರಲ್ಲಿ ಕೆಲಸದಲ್ಲಿದ್ದ. ರಜೆ ಸಿಗಲಿಲ್ಲ ಅಂತ ನಾನೇ ಅವರನ್ನು ಪೇಟೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರು ಒಳ್ಳೆಯವರೇ. ದನಿ ಎತ್ತಲಿಲ್ಲ, ಕಣ್ಣು ನೋಡಿ ಮಾತಾಡಿದರು. ಆದರೆ ಹೊರಗೆ ಬೆಂಚಿನ ತುಂಬ ಜನ. ಬಾಗಿಲು ಆಗಾಗ ತೆರೆದು ಮುಚ್ಚುತ್ತಿತ್ತು. ನಿದ್ದೆ ಹೇಗಿದೆ, ಹಸಿವು ಹೇಗಿದೆ, ಸಾಯಬೇಕು ಅನ್ನಿಸುತ್ತಾ ಅಂತ ಕೇಳಿದರು. ಬರೆದುಕೊಂಡರು. ಆಮೇಲೆ ಹೇಳಿದರು: "ಅಮ್ಮ, ನೀವು ಹೆದರಬೇಡಿ. ಮೆದುಳಲ್ಲಿ ಸಿರೊಟೋನಿನ್ ಅಂತ ಒಂದು ಕೆಮಿಕಲ್ ಇರುತ್ತೆ. ನಿಮಗೆ ಅದು ಕಮ್ಮಿಯಾಗಿದೆ. ಈ ಮಾತ್ರೆ ಅದನ್ನ ಸರಿ ಮಾಡುತ್ತೆ. ಶುಗರ್ ಇರೋರು ಇನ್ಸುಲಿನ್ ತಗೊಳ್ತಾರಲ್ಲ, ಹಾಗೇ."

ಚಿಕ್ಕಮ್ಮನಿಗೆ ಶುಗರ್ ಇದೆ. ಬಟ್ಟೆಯ ಚೀಲದಲ್ಲಿ ಒಂದು ಪುಟ್ಟ ನೋಟ್‌ಬುಕ್ ಯಾವಾಗಲೂ ಇರುತ್ತದೆ. ತಾರೀಖು, ಖಾಲಿ ಹೊಟ್ಟೆಯದ್ದು, ಊಟ ಆದ ಮೇಲಿನದ್ದು ಅಂತ ಸ್ಕೇಲಿನಿಂದ ಗೆರೆ ಎಳೆದು ಬರೆದಿರುತ್ತಾರೆ. ಮಂಕಾಗಿದ್ದ ಆ ದಿನಗಳಲ್ಲೂ ಅದನ್ನು ಬರೆಯುವುದು ಬಿಟ್ಟಿರಲಿಲ್ಲ. ಶುಗರ್ ಅಂದ ಕೂಡಲೇ ಚೀಲಕ್ಕೆ ಕೈ ಹಾಕಿ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. "ಹಾಗಾದ್ರೆ ಅದನ್ನೂ ಒಂದ್ಸಲ ಟೆಸ್ಟ್ ಮಾಡಿಬಿಡಿ ಡಾಕ್ಟ್ರೇ. ಎಷ್ಟಿರಬೇಕು, ನನಗೆ ಎಷ್ಟಿದೆ? ಇಲ್ಲೇ ಬರ್ಕೊಳ್ತೀನಿ."

ಡಾಕ್ಟರು ನಕ್ಕರು. ಕೆಟ್ಟ ನಗುವಲ್ಲ. "ಅದಕ್ಕೆಲ್ಲ ಟೆಸ್ಟ್ ಇಲ್ಲಮ್ಮ. ಲಕ್ಷಣ ನೋಡಿ ನಮಗೆ ಗೊತ್ತಾಗುತ್ತೆ."

"ಟೆಸ್ಟ್ ಇಲ್ಲದೇ ಕಮ್ಮಿ ಅಂತ ಹೇಗೆ ಗೊತ್ತಾಯ್ತು?"

ಅವರು ಜಗಳಕ್ಕೆ ಕೇಳಿದ್ದಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು, ಮುಂದಿನವರ ಹೆಸರು ಕರೆದರು. ನಾವು ಚೀಟಿ ಹಿಡಿದು ಹೊರಗೆ ಬಂದೆವು. ಮೆಡಿಕಲ್ ಶಾಪಿನ ಮುಂದೆ ನಿಂತಾಗ ಚಿಕ್ಕಮ್ಮ ಇನ್ನೊಂದು ಕೇಳಿದರು. "ಇನ್ಸುಲಿನ್ ಥರ ಅಂದ್ರಲ್ಲ. ಅಂದ್ರೆ ಸಾಯೋತನಕ ತಗೋಬೇಕಾ?" ಆ ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಕೇಳಿದ ಮೊದಲ ಪ್ರಶ್ನೆಗೆ ವಿಜ್ಞಾನದಲ್ಲೂ ಉತ್ತರವಿಲ್ಲ. ಒಬ್ಬ ರೋಗಿಯ ಮೆದುಳಿನಲ್ಲಿ ಸಿರೊಟೋನಿನ್ ಇಷ್ಟಿದೆ, ಇಷ್ಟು ಇರಬೇಕಿತ್ತು ಅಂತ ಹೇಳುವ ಪರೀಕ್ಷೆ ಯಾವ ಊರಿನ ಯಾವ ಆಸ್ಪತ್ರೆಯಲ್ಲೂ ಇಲ್ಲ. ನಮ್ಮ ಮೈಯ ಸಿರೊಟೋನಿನ್‌ನಲ್ಲಿ ಬಹುಪಾಲು ಇರುವುದು ಕರುಳಿನಲ್ಲಿ. ರಕ್ತದಲ್ಲಿರುವ ಸಿರೊಟೋನಿನ್ ಮೆದುಳಿಗೆ ದಾಟುವುದಿಲ್ಲ. ಹಾಗಾಗಿ ರಕ್ತ ಪರೀಕ್ಷೆ ಮಾಡಿದರೂ ಮೆದುಳಿನ ಸುದ್ದಿ ಸಿಗುವುದಿಲ್ಲ. ಎಷ್ಟಿದ್ದರೆ ಸರಿ ಅನ್ನುವ ಅಂಕಿಯೇ ಇಲ್ಲದಿರುವಾಗ ಕಮ್ಮಿ ಅಂದರೆ ಯಾವುದಕ್ಕಿಂತ ಕಮ್ಮಿ?

ಸರ್ಪಗಂಧದ ಬೇರಿನಿಂದ

ಹಾಗಾದರೆ ಈ ಮಾತು ಹುಟ್ಟಿದ್ದು ಎಲ್ಲಿಂದ? ಹುಡುಕುತ್ತಾ ಹೋದರೆ ಕತೆ ನಮ್ಮ ಕಾಡಿನ ಸರ್ಪಗಂಧದ ಬೇರಿಗೇ ಬಂದು ಮುಟ್ಟುತ್ತದೆ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಗಿಡ ಅದು. ಹಿಂದಿನಿಂದಲೂ ಹುಚ್ಚಿಗೆ, ನಿದ್ದೆ ಬಾರದವರಿಗೆ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕೆರಳಿದ ಮನಸ್ಸನ್ನು ಶಾಂತ ಮಾಡುತ್ತದೆ, ರಕ್ತದೊತ್ತಡ ಇಳಿಸುತ್ತದೆ ಅಂದರು. 1949ರಲ್ಲಿ ಮುಂಬೈಯ ಹೃದಯ ವೈದ್ಯ ರುಸ್ತುಂ ಜಾಲ್ ವಕೀಲ್ ಬ್ರಿಟನ್ನಿನ ಪತ್ರಿಕೆಯಲ್ಲಿ ಬರೆದ ಮೇಲೆ ಹೊರಗಿನವರ ಕಣ್ಣು ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯವರು ಆ ಬೇರಿನಿಂದ ರಿಸರ್ಪಿನ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಬಿಪಿ ಮಾತ್ರೆಯಾಗಿ ಅದು ಎಲ್ಲೆಡೆ ಹೋಯಿತು.

ಹಾಗೆ ತಗೊಂಡವರಲ್ಲಿ ಕೆಲವರು ಮಂಕಾದರು ಅನ್ನುವ ವರದಿಗಳು ಬಂದವು. 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರೋಡಿ ಅವರ ಪ್ರಯೋಗಾಲಯದಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟು ನೋಡಿದರು. ಮೆದುಳಿನ ಸಿರೊಟೋನಿನ್ ಇಳಿದುಹೋಗಿತ್ತು. ಇನ್ನೊಂದು ಕಡೆ ಇದಕ್ಕೆ ತಿರುಗುಮುರುಗಾದದ್ದು ನಡೆಯುತ್ತಿತ್ತು. ನ್ಯೂಯಾರ್ಕಿನ ಸ್ಟಾಟನ್ ದ್ವೀಪದ ಸೀ ವ್ಯೂ ಆಸ್ಪತ್ರೆಯಲ್ಲಿ 1952ರಲ್ಲಿ ಕ್ಷಯ ರೋಗಿಗಳಿಗೆ ಇಪ್ರೊನಿಯಾಜಿಡ್ ಅನ್ನುವ ಹೊಸ ಮದ್ದು ಕೊಟ್ಟಿದ್ದರು. ಹಾಸಿಗೆ ಹಿಡಿದಿದ್ದವರು ಎದ್ದು ನಗುತ್ತಾ ಓಡಾಡತೊಡಗಿದರು. ಸಿರೊಟೋನಿನ್ ಮತ್ತು ಅದರಂಥದ್ದೇ ಇನ್ನೊಂದು ಮೆದುಳಿನ ಕೆಮಿಕಲ್ ಆದ ನಾರ್‌ಅಡ್ರಿನಲಿನ್, ಇವನ್ನು ಒಡೆಯುವ ಕಿಣ್ವವನ್ನು ಆ ಮದ್ದು ತಡೆಯುತ್ತದೆ ಅಂತ ಗೊತ್ತಾಯಿತು. ಐದು ವರ್ಷದ ಹೊತ್ತಿಗೆ ನೇಥನ್ ಕ್ಲೈನ್ ಅನ್ನುವ ಮನೋವೈದ್ಯರು ಅದನ್ನು ಖಿನ್ನತೆಗೇ ಕೊಡಲು ಶುರು ಮಾಡಿದರು.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಹೊಳೆಯುವ ಮಾತೇ: ಕಮ್ಮಿಯಾದರೆ ದುಃಖ, ಜಾಸ್ತಿಯಾದರೆ ಗೆಲುವು. 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ನಾರ್‌ಅಡ್ರಿನಲಿನ್ ಇಟ್ಟುಕೊಂಡು, 1967ರಲ್ಲಿ ಅಲೆಕ್ ಕೋಪೆನ್ ಸಿರೊಟೋನಿನ್ ಇಟ್ಟುಕೊಂಡು ಇದನ್ನೇ ಬರೆದರು. ಶಿಲ್ಡ್‌ಕ್ರಾಟ್ ತಮ್ಮ ಲೇಖನದಲ್ಲೇ ಇದು ತುಂಬಾ ಸರಳ ಮಾಡಿದ ಚಿತ್ರ ಅಂತ ಎಚ್ಚರಿಸಿದ್ದರು. ಊಹೆ ಅಂದರೆ ಹಾಗೇ ಅಲ್ವಾ, ಮುಂದೆ ಯಾರಾದರೂ ಪರೀಕ್ಷಿಸಲಿ ಅಂತ ಇಡುವುದು. ಅದರಲ್ಲಿ ತಪ್ಪೇನಿಲ್ಲ.

ಆದರೆ ಈ ಕತೆಯಲ್ಲಿ ಯಾರೂ ಹೆಚ್ಚಾಗಿ ಹೇಳದ ಒಂದು ಭಾಗ ಇದೆ. ಬ್ರೋಡಿ ಮೊಲಗಳ ಬಗ್ಗೆ ಬರೆದ ಅದೇ 1955ರಲ್ಲಿ ಲಂಡನ್ನಿನ ಡೇವಿಸ್ ಮತ್ತು ಶೆಪರ್ಡ್ ಆತಂಕ ಮತ್ತು ಖಿನ್ನತೆ ಇದ್ದ ರೋಗಿಗಳಿಗೆ ರಿಸರ್ಪಿನ್ ಕೊಟ್ಟು, ಮದ್ದಿಲ್ಲದ ಖಾಲಿ ಮಾತ್ರೆ ಕೊಟ್ಟವರ ಜೊತೆ ಹೋಲಿಸಿ ನೋಡಿದರು. ರಿಸರ್ಪಿನ್ ತಗೊಂಡವರಿಗೆ ಗುಣ ಕಂಡಿತು. ಸಿರೊಟೋನಿನ್ ಇಳಿಸುವ ಮದ್ದಿನಿಂದ ಗುಣ! ಲ್ಯಾನ್ಸೆಟ್‌ನಂಥ ದೊಡ್ಡ ಪತ್ರಿಕೆಯಲ್ಲಿ ಬಂದ ಲೇಖನ. ಆದರೂ ಬೆಳೆಯುತ್ತಿದ್ದ ಕತೆಗೆ ಹೊಂದಲಿಲ್ಲ ಅಂತಲೋ ಏನೋ, ಮೂಲೆಗೆ ಸರಿಯಿತು. ಆಮೇಲೆ ಬಂದ ಪ್ರಯೋಗಗಳೂ ಹೀಗೇ ಗೊಂದಲದವು. ಸಿರೊಟೋನಿನ್ ತಯಾರಾಗಲು ಬೇಕಾದ ಟ್ರಿಪ್ಟೊಫಾನ್ ಅನ್ನುವ ಅಂಶವನ್ನು ಊಟದಲ್ಲಿ ತಪ್ಪಿಸಿ ಸಿರೊಟೋನಿನ್ ಇಳಿಸಿದರೆ ಆರೋಗ್ಯವಾಗಿರುವವರು ಸಾಮಾನ್ಯವಾಗಿ ಮಂಕಾಗುವುದಿಲ್ಲ. ಸಿರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಯಿಂದ ಚೇತರಿಸಿಕೊಂಡವರಿಗೆ ಹೀಗೆ ಮಾಡಿದರೆ ಹಲವರು ಮಂಕಾಗುತ್ತಾರೆ. ಏನೋ ಸಂಬಂಧ ಇದೆ ಅನ್ನುವುದು ನಿಜ. "ಕಮ್ಮಿಯಾದದ್ದೇ ಕಾರಣ" ಅನ್ನುವುದಕ್ಕೆ ಅದು ಸಾಲದು.

1987ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ಲುಒಕ್ಸೆಟಿನ್‌ಗೆ, ಅಂದರೆ ಪ್ರೊಜ್ಯಾಕ್‌ಗೆ, ಒಪ್ಪಿಗೆ ಸಿಕ್ಕಿತು. 1997ರಲ್ಲಿ ಅಲ್ಲಿ ಟಿವಿ ಜಾಹೀರಾತಿನ ನಿಯಮ ಸಡಿಲವಾಯಿತು. ಆಮೇಲೆ ಊಹೆ ಊಹೆಯಾಗಿ ಉಳಿಯಲಿಲ್ಲ. ಮನೆಮನೆಯ ಟಿವಿಯಲ್ಲಿ ಎರಡು ನರಕೋಶ ಬರೆದು, ನಡುವೆ ಚುಕ್ಕಿ ಇಟ್ಟು, ಚುಕ್ಕಿ ಕಮ್ಮಿಯಾಗಿದೆ ನೋಡಿ ಅಂತ ತೋರಿಸಿದರು. ನಮ್ಮಲ್ಲಿ ಇಂಥ ಮಾತ್ರೆಯ ಜಾಹೀರಾತು ಜನರಿಗೆ ತೋರಿಸುವ ಹಾಗಿಲ್ಲ. ಆದರೂ ಮಾತು ಗಡಿ ದಾಟಿ ಬಂತು. ಜಾಹೀರಾತು ಹೇಳುವುದಕ್ಕೂ ಸಂಶೋಧನೆ ಹೇಳುವುದಕ್ಕೂ ಸಂಬಂಧವಿಲ್ಲ ಅಂತ ಲಕಾಸ್ ಮತ್ತು ಲಿಯೊ ಅನ್ನುವವರು 2005ರಲ್ಲೇ ಬರೆದರು. 2011ರಲ್ಲಿ ಅಮೆರಿಕದ ಹಿರಿಯ ಮನೋವೈದ್ಯ ರೊನಾಲ್ಡ್ ಪೈಸ್, ಇದು ಯಾವತ್ತೂ ಒಂಥರಾ ದಂತಕತೆಯೇ, ಚೆನ್ನಾಗಿ ಓದಿಕೊಂಡ ಮನೋವೈದ್ಯರು ಇದನ್ನು ಸಿದ್ಧಾಂತವಾಗಿ ಮಂಡಿಸಿದ್ದೇ ಇಲ್ಲ ಅನ್ನುವ ಅರ್ಥದಲ್ಲಿ ಬರೆದರು. ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಓದಿಕೊಂಡವರಿಗೆ ಗೊತ್ತಿತ್ತು ಅಂತಾದರೆ ನಮ್ಮ ಚಿಕ್ಕಮ್ಮನಿಗೆ ಯಾಕೆ ಹಾಗೆ ಹೇಳಿದರು? ಹಳ್ಳಿಯ ಹೆಂಗಸಿಗೆ ಇಷ್ಟು ಸಾಕು ಅಂತಲಾ? ಅವರು ಕೇಳಿದ್ದು ಯಾವ ಸಂಶೋಧಕನಾದರೂ ಕೇಳಬೇಕಾದ ಪ್ರಶ್ನೆ.

2022ರಲ್ಲಿ ಲಂಡನ್ನಿನ ಜೊಆನಾ ಮಾನ್‌ಕ್ರೀಫ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಸಂಶೋಧನೆಗಳ ದೊಡ್ಡ ಪರಿಶೀಲನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ, ಸಿರೊಟೋನಿನ್ ಕಮ್ಮಿಯಾಗುವುದರಿಂದ ಖಿನ್ನತೆ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ ಇಲ್ಲ ಅಂದರು. ದೊಡ್ಡ ಗದ್ದಲವಾಯಿತು. ಮರುವರ್ಷ, ಅವರ ಲೇಖನ ಬಂದಿದ್ದ ಪತ್ರಿಕೆಯಲ್ಲೇ ಹಲವು ತಜ್ಞರು ಸೇರಿ ಉತ್ತರ ಕೊಟ್ಟರು. ಮಾನ್‌ಕ್ರೀಫ್ ತಂಡ ನೋಡಿದ ಕ್ರಮ ಸರಿಯಿಲ್ಲ, ಸಿರೊಟೋನಿನ್‌ಗೆ ಪಾತ್ರವೇ ಇಲ್ಲ ಅಂತ ಹೇಳಲಾಗದು ಅಂದರು. ಎರಡೂ ಕಡೆಯದನ್ನು ಓದಿದ್ದೇನೆ. ಪಾತ್ರ ಇಲ್ಲ ಅನ್ನುವುದು ಅತಿಯಾಯಿತು ಅಂತ ನನಗೂ ಅನ್ನಿಸುತ್ತದೆ. ಆದರೆ ಕೊರತೆ ಇದೆ, ಮಾತ್ರೆ ಅದನ್ನು ತುಂಬುತ್ತದೆ ಅನ್ನುವ ಸರಳ ಕತೆಯನ್ನು ಉತ್ತರ ಕೊಟ್ಟವರೂ ಎತ್ತಿ ಹಿಡಿಯಲಿಲ್ಲ. ಸ್ಕಿಜೋಫ್ರೀನಿಯಾ ಅನ್ನುವ ತೀವ್ರ ಮಾನಸಿಕ ಕಾಯಿಲೆಯ ಮಾತು ಸ್ವಲ್ಪ ಬೇರೆ. ಅಲ್ಲಿ ಡೋಪಮಿನ್ ಅನ್ನುವ ಇನ್ನೊಂದು ಮೆದುಳಿನ ಕೆಮಿಕಲ್ ಬಗ್ಗೆ ಸ್ಕ್ಯಾನ್‌ಗಳಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಕ್ಕಿದೆ. ಅದೂ ಗುಂಪಿನ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ. ಒಬ್ಬ ರೋಗಿಯನ್ನು ಕೂರಿಸಿ ಅಳೆದು ಹೇಳುವಂಥದ್ದಲ್ಲ.

ಮಾತ್ರೆ ಕೆಲಸ ಮಾಡುತ್ತದೆ

ಇಷ್ಟೆಲ್ಲ ಓದಿದವರು ಹಾಗಾದರೆ ಮಾತ್ರೆ ಸುಮ್ನೆ ಅಂದುಕೊಳ್ಳಬಹುದು. ಹಾಗಲ್ಲ. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ 522 ಪ್ರಯೋಗಗಳ, 1,16,477 ಜನರ ಲೆಕ್ಕ ಒಟ್ಟು ಸೇರಿಸಿ ನೋಡಿದರು. 21 ಬಗೆಯ ಖಿನ್ನತೆ ಮಾತ್ರೆಗಳೂ ಖಾಲಿ ಮಾತ್ರೆಗಿಂತ ಮೇಲು ಅಂತ ಕಂಡಿತು. ಸರಾಸರಿಯಲ್ಲಿ ವ್ಯತ್ಯಾಸ ದೊಡ್ಡದಲ್ಲ. ಆದರೆ ಇದೆ. ಕೆಲವರಿಗೆ ಅದು ಸಾವು ಬದುಕಿನ ವ್ಯತ್ಯಾಸ ಅನ್ನುವುದನ್ನು ಹತ್ತಿರದಿಂದ ನೋಡಿದವರು ಯಾರೂ ಅಲ್ಲಗಳೆಯಲಾರರು. ಚಿಕ್ಕಮ್ಮನಿಗೂ ಮೂರ್ನಾಲ್ಕು ವಾರಕ್ಕೆ ನಿದ್ದೆ ಬಂತು. ಒಲೆ ಮುಂದಿನಿಂದ ಎದ್ದರು.

ಶುಂಠಿ ಕಷಾಯ ಕುಡಿದು ಕೆಮ್ಮು ಇಳಿದರೆ ಮೈಯಲ್ಲಿ ಶುಂಠಿ ಕಮ್ಮಿಯಾಗಿತ್ತು ಅಂತ ಯಾರೂ ಹೇಳುವುದಿಲ್ಲ. ಮದ್ದು ತಟ್ಟಿದೆ ಅನ್ನುವುದು ಒಂದು, ಕಾಯಿಲೆಯ ಕಾರಣ ಗೊತ್ತಾಗಿದೆ ಅನ್ನುವುದು ಇನ್ನೊಂದು. ಈ ಮಾತ್ರೆಗಳು ಸಿರೊಟೋನಿನ್ ಮೇಲೆ ಕೆಲಸ ಮಾಡುವುದು ಕೆಲವೇ ಗಂಟೆಗಳಲ್ಲಿ. ಮನಸ್ಸು ಸರಿಯಾಗಲು ವಾರಗಟ್ಟಲೆ ಬೇಕು. ನಡುವಿನ ದಿನಗಳಲ್ಲಿ ಮೆದುಳಲ್ಲಿ ಏನಾಗುತ್ತದೆ? ನರಕೋಶಗಳ ನಡುವೆ ಹೊಸ ಕೊಂಡಿಗಳು ಬೆಳೆಯುತ್ತವೆ ಅನ್ನುವವರಿದ್ದಾರೆ, ಭಾವನೆಗಳ ತೀವ್ರತೆ ತಗ್ಗುತ್ತದೆ ಅನ್ನುವವರಿದ್ದಾರೆ. ಇನ್ನೂ ಹುಡುಕುತ್ತಿದ್ದಾರೆ.

ನಿಜಕ್ಕೂ ಅಳೆಯಬಹುದಾದ ಕೊರತೆಗಳೂ ಇವೆ. ಥೈರಾಯ್ಡ್ ಕಡಿಮೆಯಾದರೆ ಮನುಷ್ಯ ಮಂಕಾಗುತ್ತಾನೆ. ಬಿ12 ಕಡಿಮೆಯಾದರೂ ಹಾಗೇ. ಅವಕ್ಕೆ ರಕ್ತ ಪರೀಕ್ಷೆ ಇದೆ, ಅಂಕಿ ಇದೆ. ಆಮೇಲೆ ನಾವು ತೋರಿಸಿದ ಇನ್ನೊಬ್ಬ ವೈದ್ಯೆ ಮೊದಲು ಬರೆದುಕೊಟ್ಟದ್ದೇ ಆ ಎರಡು ಪರೀಕ್ಷೆ. ಎರಡೂ ಸರಿಯಾಗಿದ್ದವು. ಚಿಕ್ಕಮ್ಮ ಅವನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಆ ವೈದ್ಯೆ ಹೇಳಿದ ಮಾತು ನನಗೆ ತುಂಬಾ ಹಿಡಿಸಿತು. "ಈ ಮಾತ್ರೆ ಯಾಕೆ ಕೆಲಸ ಮಾಡುತ್ತೆ ಅಂತ ನಮಗೆ ಪೂರ್ತಿ ಗೊತ್ತಿಲ್ಲಮ್ಮ. ಆದ್ರೆ ನಿಮಗೆ ಉಪಯೋಗ ಆಗಿದೆ. ಸ್ವಲ್ಪ ದಿನ ತಗೊಳ್ಳಿ, ಆಮೇಲೆ ಮೆಲ್ಲಗೆ ಇಳಿಸೋಣ." ಇಷ್ಟು ಹೇಳಿದರೆ ರೋಗಿಗೆ ನಂಬಿಕೆ ಹೋಗುತ್ತದೆ ಅನ್ನುವ ಭಯ ಯಾಕೆ? ಚಿಕ್ಕಮ್ಮನಿಗಂತೂ ಅವರ ಮೇಲೆ ನಂಬಿಕೆ ಹುಟ್ಟಿದ್ದೇ ಆ ದಿನ.

ಮೆಲ್ಲಗೆ ಇಳಿಸುವ ಮಾತು ಮುಖ್ಯ. ತಿಂಗಳುಗಟ್ಟಲೆ ತಗೊಂಡ ಮಾತ್ರೆಯನ್ನು ತಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಕಳವಳ, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುವುದು ಇವೆಲ್ಲ ಬರಬಹುದು. ಕೆಲವರಿಗೆ ಇದು ಜೋರಾಗಿ, ಹೆಚ್ಚು ದಿನ ಇರುತ್ತದೆ ಅಂತ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2019ರಲ್ಲಿ ಒಪ್ಪಿಕೊಂಡಿತು. ಕೊರತೆಯ ಕತೆ ಇಲ್ಲೂ ಕೆಡುಕು ಮಾಡುತ್ತದೆ. ಮಾತ್ರೆ ಬಿಟ್ಟದ್ದರಿಂದಲೇ ಹುಟ್ಟಿದ ತೊಂದರೆಯನ್ನು "ನೋಡು, ಕೆಮಿಕಲ್ ಮತ್ತೆ ಕಮ್ಮಿಯಾಯ್ತು" ಅಂತ ಓದಿಕೊಂಡು ಜನ ವಾಪಸ್ ಹೋಗುತ್ತಾರೆ, ಇನ್ನು ಜನ್ಮವಿಡೀ ಇದೇ ಗತಿ ಅಂದುಕೊಳ್ಳುತ್ತಾರೆ. ಹಾಗಾಗಿ ನಿಲ್ಲಿಸಬೇಕು ಅನ್ನಿಸಿದರೆ ಡಾಕ್ಟರ ಜೊತೆ ಕೂತು, ವಾರಗಳ ಲೆಕ್ಕದಲ್ಲಿ, ಬೇಕಾದರೆ ತಿಂಗಳುಗಳ ಲೆಕ್ಕದಲ್ಲಿ ಇಳಿಸಿ. ತುಂಬಾ ಕಷ್ಟ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಜಗಲಿಯ ಮೇಲೆ

ನನಗೆ ಹೆಚ್ಚು ಚುಚ್ಚಿದ್ದು ಆಸ್ಪತ್ರೆಯಲ್ಲಿ ನಡೆದದ್ದಲ್ಲ. ಆ ಸಂಜೆ ಊರಿಗೆ ವಾಪಸ್ ಬಂದಾಗ ನಡೆದದ್ದು. ಜಗಲಿಯ ಮೇಲೆ ಎಲ್ಲರೂ ಕೂತಿದ್ದರು. ಚಿಕ್ಕಮ್ಮನ ಮೈದುನ, ಓರಗಿತ್ತಿ, ಪಕ್ಕದ ಮನೆಯವರು. ಡಾಕ್ಟ್ರು ಏನಂದ್ರು ಅಂತ ಕೇಳಿದರು. ನಾನು ಅವರು ಹೇಳಿದ್ದನ್ನೇ ಹೇಳಿದೆ. ಮೈದುನ ಕೂತಲ್ಲೇ ಒರಗಿ ಉಸಿರು ಬಿಟ್ಟರು. "ಓ, ಕೆಮಿಕಲ್ ತೊಂದರೆ. ಹಾಗಾದ್ರೆ ಸರಿ ಬಿಡು. ಮಾತ್ರೆ ತಪ್ಪಿಸಬೇಡಿ ಅತ್ತಿಗೆ." ಓರಗಿತ್ತಿ ಕಾಫಿ ತರಲು ಒಳಗೆ ಹೋದರು. ಒಂದು ನಿಮಿಷದಲ್ಲಿ ಮಾತು ಅಡಿಕೆ ರೇಟಿಗೆ ತಿರುಗಿತು.

ಅಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಗೊತ್ತಿದ್ದ ಸಂಗತಿಗಳನ್ನು ಹೇಳುತ್ತೇನೆ. ಚಿಕ್ಕಪ್ಪ ಹೋದಾಗ ಸೊಸೈಟಿ ಸಾಲ ಹಾಗೇ ಇತ್ತು. ತೋಟಕ್ಕೆ ಹಳದಿ ಎಲೆ ರೋಗ ಬಂದು ವರ್ಷಗಳಾಗಿದ್ದವು, ಅರ್ಧ ಮರ ಫಸಲು ಬಿಡುತ್ತಿರಲಿಲ್ಲ. ಆಸ್ತಿ ಪಾಲಾಗಿರಲಿಲ್ಲ. ಪಾಲಿನ ಮಾತು ತೆಗೆದರೆ "ಈಗೇನು ಅವಸರ" ಅನ್ನುತ್ತಿದ್ದರು. ಖರ್ಚಿಗೆ ದುಡ್ಡು ಬೇಕಾದರೆ ಚಿಕ್ಕಮ್ಮ ಮೈದುನನ ಮುಂದೆ ನಿಂತು ಕೇಳಬೇಕಿತ್ತು. ಮಗ ಫೋನ್ ಮಾಡುತ್ತಿದ್ದದ್ದು ವಾರಕ್ಕೊಮ್ಮೆ. ನಲವತ್ತು ವರ್ಷ ಆ ಮನೆಯ ಹಾಲು ಕರೆದು, ಅಡಿಕೆ ಸುಲಿದು, ಬಂದವರಿಗೆ ಬಡಿಸಿದ ಹೆಂಗಸು ಒಂದು ಸೋಪಿಗೆ ಕೈ ಚಾಚುವ ಹಾಗಾಗಿತ್ತು. ನಿದ್ದೆ ಬರದೇ ಇರುವುದಕ್ಕೆ ಕಾರಣ ಹುಡುಕಲು ಮೆದುಳಿನ ಒಳಗೇ ಹೋಗಬೇಕಿತ್ತಾ? ಕೆಮಿಕಲ್ ಅಂದ ಕೂಡಲೇ ಜಗಲಿಯ ಮೇಲಿದ್ದವರೆಲ್ಲ ನಿರಾಳವಾದರು. ಯಾರೂ ಏನೂ ಮಾಡಿಲ್ಲ, ಯಾರೂ ಏನೂ ಮಾಡಬೇಕಿಲ್ಲ. ತೊಂದರೆ ಚಿಕ್ಕಮ್ಮನ ತಲೆಯೊಳಗಿದೆ. ಮಾತ್ರೆ ಪೇಟೆಯಲ್ಲಿದೆ.

ಎಲ್ಲ ಖಿನ್ನತೆಗೂ ಹೊರಗಿನ ಕಾರಣವೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ಎಲ್ಲ ಸರಿ ಇದ್ದೂ ಕತ್ತಲೆಗೆ ಬಿದ್ದವರು ಇದ್ದಾರೆ. ವಂಶದಲ್ಲಿ ಹರಿದು ಬರುವುದೂ ಇದೆ. ಅಂಥವರಿಗೆ "ನಿನಗೇನು ಕಮ್ಮಿ" ಅಂತ ಕೇಳುವುದು ಕ್ರೂರ. ಆದರೆ ಕೆಮಿಕಲ್ ಕತೆ ಅವರಿಗಾದರೂ ಸಹಾಯ ಮಾಡುತ್ತದಾ? ಅಮೆರಿಕದಲ್ಲಿ ಕೆಂಪ್, ಲಿಕೆಲ್, ಡೀಕನ್ ಅನ್ನುವ ಮೂವರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಖಿನ್ನತೆ ಅನುಭವಿಸಿದ್ದ ವಿದ್ಯಾರ್ಥಿಗಳ ಕೆನ್ನೆಯ ಒಳಗಿನಿಂದ ಎಂಜಲು ತೆಗೆದು, ಪರೀಕ್ಷೆ ಮಾಡಿದ ಹಾಗೆ ನಟಿಸಿ, ನಿಮ್ಮ ಖಿನ್ನತೆಗೆ ಕೆಮಿಕಲ್ ಏರುಪೇರೇ ಕಾರಣ ಅಂತ ಕೆಲವರಿಗೆ ಹೇಳಿದರು. ಉಳಿದವರಿಗೆ ಹಾಗೇನಿಲ್ಲ ಅಂದರು. ಕಾರಣ ಕೆಮಿಕಲ್ ಅಂತ ಕೇಳಿದವರು ತಮ್ಮನ್ನು ತಾವು ಬೈದುಕೊಳ್ಳುವುದೇನೂ ಕಡಿಮೆಯಾಗಲಿಲ್ಲ. ಬದಲಿಗೆ ಇದು ವಾಸಿಯಾಗುವುದು ಕಷ್ಟ, ತಮ್ಮಿಂದ ಏನೂ ಮಾಡಲಾಗದು ಅನ್ನುವ ಭಾವನೆ ಜಾಸ್ತಿಯಾಯಿತು. ಚಿಕ್ಕಮ್ಮ ಮೆಡಿಕಲ್ ಶಾಪಿನ ಮುಂದೆ ಕೇಳಿದ್ದೂ ಅದನ್ನೇ.

ನಮ್ಮ ಪಕ್ಕದ ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅವರ ತಂಡ ಬೇರೆ ದಾರಿ ಹಿಡಿದರು. ಡಾಕ್ಟರಲ್ಲದ, ಊರಿನವರೇ ಆದ ಜನರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆ ಇದ್ದವರ ಜೊತೆ ಆರೆಂಟು ಸಲ ಕೂತು ಮಾತಾಡಿಸಿದರು. ಏನು ಕಷ್ಟ, ಮೊದಲು ಏನು ಮಾಡುತ್ತಿದ್ದಿರಿ, ಯಾವುದನ್ನು ಬಿಟ್ಟಿದ್ದೀರಿ, ಅದರಲ್ಲಿ ಒಂದನ್ನು ಈ ವಾರ ಮತ್ತೆ ಶುರು ಮಾಡೋಣವಾ. ಹೆಚ್ಚು ಜನ ಚೇತರಿಸಿಕೊಂಡರು. ಫಲಿತಾಂಶ ಲ್ಯಾನ್ಸೆಟ್‌ನಲ್ಲಿ ಬಂತು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಮಾನಸಿಕ ತೊಂದರೆ ಇರುವವರಲ್ಲಿ ಬಹುಪಾಲು ಜನರಿಗೆ ಯಾವ ಚಿಕಿತ್ಸೆಯೂ ಸಿಗುತ್ತಿಲ್ಲ. ಡಾಕ್ಟರು ಸಿಕ್ಕಿದರೂ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಹೇಳಿ ಮುಗಿಸಲು ಕೆಮಿಕಲ್ ಕತೆ ಅನುಕೂಲ. ಅದಕ್ಕೇ ಅದು ಉಳಿದುಕೊಂಡಿದೆ ಅಂತ ನನ್ನ ಅನಿಸಿಕೆ. ಕೂತು ಕೇಳಲು ಜನ ಬೇಕು, ಹೊತ್ತು ಬೇಕು. ಅದಕ್ಕೆ ಸರ್ಕಾರ ದುಡ್ಡು ಹಾಕಬೇಕು.

ಎರಡನೇ ವೈದ್ಯೆ ಅಷ್ಟು ಹೊತ್ತು ಕೊಟ್ಟರು. ಮನೆಯಲ್ಲಿ ದುಡ್ಡು ಯಾರ ಕೈಯಲ್ಲಿದೆ ಅಂತ ಅವರು ಕೇಳಿದಾಗ ಚಿಕ್ಕಮ್ಮ ಮೊದಲ ಸಲ ಅತ್ತರು. ಮುಂದಿನ ಸಲ ಮಗನನ್ನು ಕರೆಸಿ ಅಂದರು. ಅವನು ಬಂದ. ಈಗ ತಿಂಗಳಿಗಿಷ್ಟು ಅಂತ ಚಿಕ್ಕಮ್ಮನ ಹೆಸರಿನ ಖಾತೆಗೇ ಹಾಕುತ್ತಾನೆ. ಮಾತ್ರೆ ಅರ್ಧಕ್ಕೆ ಇಳಿದಿದೆ, ಇನ್ನೂ ನಿಂತಿಲ್ಲ. ಪಾಲು ಪಟ್ಟಿ ಆಗಿಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ಕೂರೋಣ ಅಂತ ಮೈದುನ ಹೇಳಿದ್ದಾರೆ. ಆ ದಿನ ನಾನೂ ಅಲ್ಲಿರಬೇಕು ಅಂತ ಚಿಕ್ಕಮ್ಮ ಈಗಲೇ ಹೇಳಿಟ್ಟಿದ್ದಾರೆ. ಹೋಗುತ್ತೇನೆ.